ಹೆಚ್ಚಾದ ಅಕ್ಕಿ, ಹೆಚ್ಚಾದ ಮಾತು



2024ರ ಶ್ರಾವಣಮಾಸದ ಕೊನೆಯ ವಾರದಲ್ಲಿ ಹಿಟ್ನಾಳದ ಭಕ್ತರೊಬ್ಬರ ಮನೆಯಲ್ಲಿ ಶಿವಾನುಭವಗೋಷ್ಠಿ ನಡೆಯಿತು. ವಚನಚಿಂತನೆ ಮುಗಿದು ಪ್ರಸಾದಕ್ಕೆ ಏಳುವ ಹೊತ್ತಿಗೆ ಹಿರಿಯರೊಬ್ಬರು ಎದ್ದು ನಿಂತು ಒಂದು ದೂರನ್ನು ಸಭೆಯ ಮುಂದಿಟ್ಟರು. ಆ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸುವ ಮಾಸ್ತರರು ಮಕ್ಕಳಿಗೆ ಪಾಠದ ಜೊತೆಗೆ ವಾದ ಹೂಡುವುದನ್ನೂ ಕಲಿಸುತ್ತಿದ್ದಾರೆ. ಅದರ ಫಲವಾಗಿ ಮಕ್ಕಳು ಮನೆಯ ಹಿರಿಯರಿಗೆ ಎದುರುತ್ತರ ಕೊಡತೊಡಗಿದ್ದಾರೆ. ಊಟಕ್ಕೆ ಕರೆದರೂ ‘ಯಾವ ಆಧಾರದಿಂದ?’ ಎಂದು ಕೇಳುವ ಕಾಲ ಬಂದಿದೆ ಎಂಬುದು ಆ ದೂರಿನ ಸಾರಾಂಶ. ಸಭೆ ನಕ್ಕಿತು. ಹಿರಿಯರು ಮಾತ್ರ ನಗಲಿಲ್ಲ. ‘ಭಕ್ತಿ ಎಂದರೆ ತಲೆ ಬಾಗುವುದು, ತರ್ಕ ಎಂದರೆ ತಲೆ ಎತ್ತುವುದು. ಒಂದೇ ಕೊರಳಿನ ಮೇಲೆ ಇವೆರಡೂ ಹೇಗೆ ನಿಂತಾವು?’ ಎಂದು ಕೇಳಿ ಕುಳಿತುಕೊಂಡರು.

ಆ ಮಾಸ್ತರರೂ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರು ಅಂದು ಉತ್ತರಿಸಲಿಲ್ಲ. ಉತ್ತರ ಹೊಳೆಯಲಿಲ್ಲವೆಂದಲ್ಲ, ದೂರಿನಲ್ಲಿ ಅರ್ಧ ಸತ್ಯವಿದೆಯೆಂಬುದು ಅವರಿಗೆ ತಿಳಿದಿತ್ತು. ಆ ಅರ್ಧ ಯಾವುದು, ಉಳಿದರ್ಧ ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವುದು ಮಕ್ಕಳನ್ನು ಶಾಲೆಗೆ ಕಳಿಸುವ ಎಲ್ಲ ಸದ್ಭಕ್ತರಿಗೂ ಉಪಯುಕ್ತವಾದೀತು.

ಹಿರಿಯರ ಸಂಶಯ ಹೊಸದಲ್ಲ. ಒಣ ವಾದವನ್ನು ಶರಣರು ಎಂದೂ ಮೆಚ್ಚಿದವರಲ್ಲ. ಗ್ರಂಥಗಳನ್ನು ಬಾಯಿಪಾಠ ಮಾಡಿ ಎದುರಾಳಿಯನ್ನು ಕೆಡಹುವುದಕ್ಕಾಗಿಯೇ ಮಾತಾಡುವವರನ್ನು ಅವರು ಕಟುವಾಗಿ ಟೀಕಿಸಿದ್ದಾರೆ. ಆದರೆ ಅದೇ ಶರಣಪರಂಪರೆ ನಮಗೆ ಉಳಿಸಿಹೋದ ಮಹಾಗ್ರಂಥ ಶೂನ್ಯಸಂಪಾದನೆಯು ಆದಿಯಿಂದ ಅಂತ್ಯದವರೆಗೂ ಪ್ರಶ್ನೋತ್ತರರೂಪದಲ್ಲಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದವಾಗಿ ಜೋಡಿಸಿದಾಗ ಅಲ್ಲಿ ಯಾರೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕನಿಗೆ ಅಲ್ಲಮಪ್ರಭುಗಳು ಅರಿವಿನ ಮಾತನ್ನು ಹೇಳಿದಾಗ ಆಕೆ ಕೂಡಲೇ ತಲೆದೂಗಲಿಲ್ಲ. ಅರಿತವರಿಗೆ ಇನ್ನೂ ಮಾತು ಉಳಿದಿರುತ್ತದೆಯೇ ಎಂದು ಪ್ರಭುವನ್ನೇ ಮರುಪ್ರಶ್ನಿಸಿದಳು. ಪ್ರಭುಗಳು ಕೋಪಿಸಿಕೊಳ್ಳಲಿಲ್ಲ, ಉತ್ತರಿಸಿದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನಿಗೂ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೂ ಪರೀಕ್ಷೆಯ ಪ್ರಶ್ನೆಗಳು ತಪ್ಪಲಿಲ್ಲ. ಹೀಗಿರುವಾಗ ಶರಣರು ದೂರವಿರಿಸಿದ್ದು ವಾದವನ್ನೋ ಅಥವಾ ವಾದದೊಳಗಿನ ಯಾವುದೋ ಒಂದು ದೋಷವನ್ನೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಮಾಸ್ತರರು ಈ ಕೆಲಸಕ್ಕೆ ಕೈಹಾಕಿದ್ದು ಆ ವರ್ಷದ ಜೂನ್ ತಿಂಗಳಲ್ಲಿ. ಅದಕ್ಕೆ ಕಾರಣವಾದದ್ದು ಗಣಿತದ ಒಂದು ಪ್ರಮೇಯ. ಹತ್ತನೆಯ ತರಗತಿಯ ಮಕ್ಕಳು ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ತಲೆಬರಹಗಳ ಕೆಳಗೆ ಥೇಲ್ಸನ ಪ್ರಮೇಯವನ್ನು ತಪ್ಪಿಲ್ಲದೆ ಬರೆಯುತ್ತಿದ್ದರು. ಗಣಿತದ ಶಿಕ್ಷಕರು ತ್ರಿಭುಜದ ಎ, ಬಿ, ಸಿ ಅಕ್ಷರಗಳನ್ನು ಪಿ, ಕ್ಯೂ, ಆರ್ ಎಂದು ಬದಲಿಸಿ ಕೊಟ್ಟ ದಿನ ಅರ್ಧ ತರಗತಿಯ ಕೈ ನಿಂತುಹೋಯಿತು. ಮಕ್ಕಳು ಕಲಿತದ್ದು ಸಾಧನೆಯನ್ನಲ್ಲ, ಸಾಧನೆಯ ಅಕ್ಷರಗಳನ್ನು. ಚರ್ಚಾಸ್ಪರ್ಧೆಯ ಕಥೆಯೂ ಇದೇ. ಪ್ರತಿಭಾ ಕಾರಂಜಿಗೆಂದು ಹಿರಿಯರು ಬರೆದುಕೊಟ್ಟ ಭಾಷಣವನ್ನು ಮಗು ಉರು ಹಚ್ಚಿ ಪರವಾಗಿಯೋ ವಿರೋಧವಾಗಿಯೋ ಆವೇಶದಿಂದ ಒಪ್ಪಿಸುತ್ತದೆ. ಎದುರಿನವನು ಏನು ಹೇಳಿದನೆಂಬುದನ್ನು ಅದು ಕೇಳಿಸಿಕೊಂಡೇ ಇರುವುದಿಲ್ಲ. ಕೇಳಿಸಿಕೊಳ್ಳುವ ಅಗತ್ಯವೂ ಅದಕ್ಕಿರುವುದಿಲ್ಲ.

ಈ ಎರಡನ್ನೂ ಕಂಡ ಮಾಸ್ತರರು ವಾರಕ್ಕೆ ಒಂದು ಅವಧಿಯನ್ನು ಬೇರೆಯೇ ಇಟ್ಟುಕೊಂಡರು. ನಮ್ಮ ನ್ಯಾಯಶಾಸ್ತ್ರದಲ್ಲಿ ಅನುಮಾನವಾಕ್ಯಕ್ಕೆ ಐದು ಅವಯವಗಳಿವೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಗುಡ್ಡದ ಮೇಲೆ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದರಿಂದ ಎಂಬುದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯಲ್ಲಿ ಕಂಡಂತೆ ಎಂಬುದು ಉದಾಹರಣೆ. ಈ ಗುಡ್ಡದಲ್ಲಿಯೂ ಅಂಥದೇ ಹೊಗೆಯಿದೆ ಎಂಬುದು ಉಪನಯ. ಆದ್ದರಿಂದ ಅಲ್ಲಿ ಬೆಂಕಿಯಿದೆ ಎಂಬುದು ನಿಗಮನ. ಸಂಸ್ಕೃತ ಪಾಠಶಾಲೆಗಳಲ್ಲಿ ಶತಮಾನಗಳಿಂದ ಹೇಳಿಕೊಡುತ್ತಿರುವ ಈ ಕ್ರಮವನ್ನೇ ಅವರು ತಿಳಿಗನ್ನಡಕ್ಕೆ ಇಳಿಸಿ ಹಲಗೆಯ ಮೇಲೆ ನಾಲ್ಕು ಪ್ರಶ್ನೆಗಳಾಗಿ ಬರೆದರು. ನೀನು ಹೇಳುತ್ತಿರುವುದೇನು? ಯಾವ ಆಧಾರದಿಂದ? ಆ ಆಧಾರದಿಂದ ಈ ಮಾತಿಗೆ ಬರುವ ದಾರಿ ಯಾವುದು? ಏನು ಕಂಡುಬಂದರೆ ನಿನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವೆ?

ಮೊದಲ ಅಭ್ಯಾಸಕ್ಕೆ ಅವರು ಆಯ್ದದ್ದು ಕೊಪ್ಪಳದ ಗವಿಮಠದ ಬೆಟ್ಟವನ್ನು. ಜಾತ್ರೆಗೆ ಹೋಗಿಬಂದ ಮಕ್ಕಳಿಗೆಲ್ಲ ಅಲ್ಲಿ ಅಶೋಕನ ಶಾಸನವಿದೆಯೆಂದು ಗೊತ್ತು. ಆದರೆ ಆ ಶಾಸನದಲ್ಲಿ ಅಶೋಕನೆಂಬ ಹೆಸರೇ ಇಲ್ಲ. ಪಕ್ಕದ ಪಾಲ್ಕಿಗುಂಡಿನ ಶಾಸನದಲ್ಲಿಯೂ ಇಲ್ಲ. ಬ್ರಾಹ್ಮೀಲಿಪಿಯಲ್ಲಿ, ಪ್ರಾಕೃತಭಾಷೆಯಲ್ಲಿ ಅಲ್ಲಿರುವುದು ದೇವಾನಾಂಪಿಯ, ಅಂದರೆ ದೇವರಿಗೆ ಪ್ರಿಯನಾದವನು, ಎಂಬ ಬಿರುದು ಮಾತ್ರ. ಹಾಗಾದರೆ ಅದು ಅಶೋಕನದೆಂದು ಯಾವ ಆಧಾರದಿಂದ ಹೇಳುತ್ತೀರಿ ಎಂದು ಮಾಸ್ತರರು ಕೇಳಿದರು. ತರಗತಿ ಸ್ತಬ್ಧವಾಯಿತು. ಪುಸ್ತಕದಲ್ಲಿದೆ ಎಂದು ಒಬ್ಬನು ಹೇಳಿದನು. ಪುಸ್ತಕ ಬರೆದವರಿಗೆ ಹೇಗೆ ತಿಳಿಯಿತು ಎಂಬ ಮರುಪ್ರಶ್ನೆ ಬಂದಿತು.

ಆ ಕಥೆಯನ್ನು ಮಾಸ್ತರರು ಒಂದೊಂದೇ ಮೆಟ್ಟಿಲಾಗಿ ಬಿಚ್ಚಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಓದಿದಾಗ ಉತ್ತರದ ಕಂಬಗಳ ಮೇಲೆ ಸಿಕ್ಕಿದ್ದೂ ಬಿರುದೇ. ಸಿಂಹಳದ ಇತಿಹಾಸಗ್ರಂಥಗಳ ಸಹಾಯದಿಂದ ಆ ರಾಜನು ಅಶೋಕನಾಗಿರಬೇಕೆಂದು ವಿದ್ವಾಂಸರು ಊಹಿಸಿದರು. ಅದು ಬಲವಾದ ಊಹೆಯಾಗಿದ್ದರೂ ಊಹೆಯೇ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ಕಂಡ ಬಂಡೆಯ ಮೇಲೆ ಬಿರುದು ಮತ್ತು ಅಶೋಕನೆಂಬ ಹೆಸರು ಎರಡೂ ಒಟ್ಟಿಗೆ ಇದ್ದವು. ಸುಮಾರು ಎಂಟು ದಶಕಗಳ ಊಹೆಗೆ ನಮ್ಮ ಸೀಮೆಯ ಕಲ್ಲೊಂದು ಸಾಕ್ಷಿ ನುಡಿಯಿತು.

ಮಕ್ಕಳು ಅಂದೇ ವಾಕ್ಯ ಕಟ್ಟಿದರು: ಗವಿಮಠದ ಶಾಸನ ಅಶೋಕನದು; ಏಕೆಂದರೆ ಅದರಲ್ಲಿ ದೇವಾನಾಂಪಿಯ ಎಂಬ ಬಿರುದಿದೆ; ಮಸ್ಕಿಯಲ್ಲಿ ಆ ಬಿರುದು ಅಶೋಕನದೇ ಆಗಿತ್ತು. ಆಗ ಮಾಸ್ತರರು ಇನ್ನೊಂದು ಸಂಗತಿಯನ್ನು ಮುಂದಿಟ್ಟರು. ಅಶೋಕನ ಸಮಕಾಲೀನನಾದ ಸಿಂಹಳದ ರಾಜ ತಿಸ್ಸನಿಗೂ ಅದೇ ಬಿರುದು. ಅಶೋಕನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳ ಶಾಸನಗಳಲ್ಲಿ ಅದೇ ಬಿರುದನ್ನು ಧರಿಸಿದ್ದಾನೆ. ಈಗೇನು ಹೇಳುವಿರಿ? ಬಿರುದೊಂದರಿಂದಲೇ ಹೆಸರು ಸಿದ್ಧವಾಗುವುದಿಲ್ಲವೆಂದು ಮಕ್ಕಳು ಒಪ್ಪಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಬಿರುದನ್ನು ಮಾತ್ರವಲ್ಲ, ಬರೆದ ವಿಷಯವನ್ನೂ ಹೋಲಿಸಿ ನೋಡಬೇಕಲ್ಲವೇ ಎಂದಳು. ಹೌದು, ಮಸ್ಕಿಯಲ್ಲಿರುವ ಸಂದೇಶವೇ ಗವಿಮಠದಲ್ಲಿಯೂ ಇದೆ. ಬಿರುದಿಗೆ ಸಂದೇಶದ ಸಾಮ್ಯ ಸೇರಿದಾಗ ಹೇತು ಗಟ್ಟಿಯಾಯಿತು. ಆ ದಿನ ತರಗತಿಯಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಮಾತೊಂದು ಮಾತ್ರ ಗಟ್ಟಿಯಾಯಿತು.

ಇಷ್ಟು ಸೊಗಸಾಗಿ ಆರಂಭವಾದದ್ದು ಮುಂದೆ ಹಾಗೆಯೇ ಸಾಗಲಿಲ್ಲ. ಮಕ್ಕಳಿಗೆ ಉತ್ಸಾಹ ಬರಲೆಂದು ಮಾಸ್ತರರು ತರಗತಿಯನ್ನು ಎರಡು ಪಕ್ಷಗಳಾಗಿ ವಿಂಗಡಿಸಿ ಅಂಕ ಕೊಡತೊಡಗಿದರು. ಎದುರಾಳಿಯ ಮಾತಿನಲ್ಲಿ ತಪ್ಪು ಹುಡುಕಿದರೆ ಒಂದು ಅಂಕ, ಬಾಯಿ ಕಟ್ಟಿಸಿದರೆ ಎರಡು. ಉತ್ಸಾಹವೇನೋ ಬಂದಿತು. ಆದರೆ ಒಂದು ತಿಂಗಳೊಳಗೆ ಮಾತು ತಡೆದು ತಡೆದು ಆಡುವ ಮಕ್ಕಳು ಕೈಯೆತ್ತುವುದನ್ನೇ ಬಿಟ್ಟರು. ಚುರುಕಾದ ಐದಾರು ಮಂದಿ ಬೇಟೆಗಾರರಾದರು. ಮಾಸ್ತರರು ಇದನ್ನು ಗಮನಿಸಿದರೂ ಚುರುಕಿನ ಮಕ್ಕಳ ಹೊಳಪಿಗೆ ಮರುಳಾಗಿ ತಿದ್ದಲಿಲ್ಲ. ಮುಂದೆ ಅವರು ತಾವಾಗಿಯೇ ಒಪ್ಪಿಕೊಂಡ ತಪ್ಪು ಇದು.

ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ಬಂದಿತು. ಹಿಟ್ನಾಳಕ್ಕೆ ಸಮೀಪದ ಮುನಿರಾಬಾದಿನಲ್ಲಿ ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸೋಮವಾರ ಶಾಲೆ ತೆರೆದಾಗ ಮಕ್ಕಳ ಬಾಯಿಯಲ್ಲಿ ಹತ್ತು ಬಗೆಯ ಸುದ್ದಿಗಳಿದ್ದವು. ಅಣೆಕಟ್ಟು ಒಡೆದಿದೆ, ನೀರೆಲ್ಲ ಹೊರಟುಹೋಯಿತು, ಇನ್ನು ಮೂರು ವರ್ಷ ಭತ್ತವಿಲ್ಲ, ಹುಲಿಗೆಮ್ಮನ ಕೋಪ. ಮಾಸ್ತರರು ಎಲ್ಲವನ್ನೂ ಹಲಗೆಯ ಮೇಲೆ ಬರೆಸಿ ನಾಲ್ಕು ಪ್ರಶ್ನೆಗಳನ್ನು ಕೇಳಿಸಿದರು. ಅಣೆಕಟ್ಟು ಒಡೆಯುವುದು ಬೇರೆ, ಗೇಟು ಕಳಚುವುದು ಬೇರೆ ಎಂಬುದು ಸ್ಪಷ್ಟವಾಯಿತು. ಹೊರಗೆ ಹರಿಯುತ್ತಿದ್ದ ನೀರೆಲ್ಲ ಒಂದೇ ಗೇಟಿನದಲ್ಲ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಲಾಗಿದೆ ಎಂಬುದೂ ಗೊತ್ತಾಯಿತು. ಪಾಠ ಚೆನ್ನಾಗಿಯೇ ನಡೆಯಿತು.

ಆ ಸಂಜೆ ಬೇಟೆಗಾರರಲ್ಲೊಬ್ಬ ಹುಡುಗನು ಮನೆಗೆ ಹೋದನು. ಅವನ ಅಜ್ಜಿ ಹುಲಿಗಿಯ ದಿಕ್ಕಿಗೆ ಕೈಮುಗಿದು, ತಾಯಿ ಮುನಿದಳು ಎಂದು ಹಲುಬುತ್ತಿದ್ದರು. ಹುಡುಗನಿಗೆ ಎದುರಾಳಿ ಸಿಕ್ಕಂತಾಯಿತು. ಯಾವ ಆಧಾರದಿಂದ ಹೇಳುತ್ತಿ? ತಾಯಿಗೆ ಮುನಿಸಾದರೆ 33ರಲ್ಲಿ 19ನೆಯದೇ ಏಕೆ? ಸರಪಳಿ ತುಂಡಾಗಿದ್ದನ್ನು ಕಂಡವರಿದ್ದಾರೆ, ದೇವಿಯನ್ನು ಕಂಡವರಾರು? ಅಜ್ಜಿಯ ಬಾಯಿ ಕಟ್ಟಿತು. ಮನೆಯವರ ಮುಂದೆ ಅವನು, ನಿನಗೇನೂ ತಿಳಿಯದು, ಸುಮ್ಮನಿರು ಎಂದನು. ಆ ರಾತ್ರಿ ಆಕೆ ಉಣ್ಣಲಿಲ್ಲ. ಗೋಷ್ಠಿಯಲ್ಲಿ ಎದ್ದು ನಿಂತು ದೂರಿದ ಹಿರಿಯರು ಆ ಅಜ್ಜಿಯ ಯಜಮಾನರು. ಸಭೆ ನಕ್ಕಾಗ ಅವರು ನಗದಿದ್ದುದಕ್ಕೆ ಇದೇ ಕಾರಣ. ಸಂಗತಿ ಮಾಸ್ತರರ ಕಿವಿಗೆ ಬಿದ್ದದ್ದು ಗೋಷ್ಠಿ ಮುಗಿದ ಮರುದಿನ.

ಈಗ ಶರಣಬಂಧುಗಳು ಒಂದು ಪ್ರಸಂಗವನ್ನು ನೆನೆಯಬೇಕು. ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿ ನೆಲೆಸಿದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿದೆ, ಎದ್ದುಹೋಗಿ ಎಂದು ಎಚ್ಚರಿಸಿದವಳು ಲಕ್ಕಮ್ಮ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಲೆಗೆ ಇಡಲಿಲ್ಲ. ಅಗತ್ಯಕ್ಕಿಂತ ಹೆಚ್ಚಾದದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ಪ್ರಸಂಗವನ್ನು ನಾವು ಕಾಯಕದ ಪಾಠವಾಗಿ, ಅಪರಿಗ್ರಹದ ಪಾಠವಾಗಿ ಕೇಳುತ್ತ ಬಂದಿದ್ದೇವೆ. ಮಾಸ್ತರರಿಗೆ ಅಂದು ಅದು ವಾದದ ಪಾಠವಾಗಿಯೂ ಕಂಡಿತು. ಲಕ್ಕಮ್ಮನ ಮಾತಿನಲ್ಲಿ ಐದು ಅವಯವಗಳೂ ಇವೆ. ಈ ಅಕ್ಕಿ ನಮ್ಮದಲ್ಲವೆಂಬುದು ಆಕೆಯ ಪ್ರತಿಜ್ಞೆ. ಇದು ನಿತ್ಯದ ಅಳತೆಯನ್ನು ಮೀರಿದೆ ಎಂಬುದು ಹೇತು. ಅಗತ್ಯವನ್ನು ಮೀರಿದ್ದು ಅರಸರ ಭಂಡಾರದಲ್ಲಿ ಇರಬಹುದು, ಭಕ್ತರ ಮನೆಯಲ್ಲಿ ಅಲ್ಲ ಎಂಬುದು ನಿದರ್ಶನ. ಈ ಅಕ್ಕಿಯೂ ಅಂಥದೇ ಎಂಬುದು ಉಪನಯ. ಆದ್ದರಿಂದ ಹಿಂದಿರುಗಿಸಬೇಕು ಎಂಬುದು ನಿಗಮನ. ವಾದ ಪೂರ್ಣವಾಗಿದೆ. ಆದರೆ ಅದಕ್ಕಿಂತ ಮುಖ್ಯವಾದುದು ಆಕೆ ಹೇಳದೆ ಬಿಟ್ಟದ್ದು. ಆಕೆ ಗಂಡನ ಆಸೆಯನ್ನು ತೋರಿಸಿದಳೇ ಹೊರತು ಅವನನ್ನು ಕಳ್ಳನೆನ್ನಲಿಲ್ಲ. ಕೈಯಲ್ಲಿದ್ದ ಆಧಾರ ಆಸೆಯನ್ನು ತೋರಿಸುತ್ತಿತ್ತು, ಕಳವನ್ನು ತೋರಿಸುತ್ತಿರಲಿಲ್ಲ. ಅಕ್ಕಿಯಲ್ಲಿ ಅಳತೆ ಮೀರದ ಆ ತಾಯಿ ಮಾತಿನಲ್ಲಿಯೂ ಅಳತೆ ಮೀರಲಿಲ್ಲ.

ಮಾಸ್ತರರು ಮರುದಿನ ಹುಡುಗನನ್ನು ಗದರಿಸಲಿಲ್ಲ. ತರಗತಿಯ ಹಲಗೆಯ ಮೇಲಿದ್ದ ಅಂಕಪಟ್ಟಿಯನ್ನು ಎಲ್ಲರ ಎದುರಿಗೆ ತಾವೇ ಒರೆಸಿದರು. ಲಕ್ಕಮ್ಮನ ಕಥೆಯನ್ನು ಹೇಳಿ, ಸರಪಳಿ ತುಂಡಾಯಿತೆಂಬ ಆಧಾರದಿಂದ ನಮಗೆ ಎಷ್ಟು ಅಕ್ಕಿ ಸಿಗುತ್ತದೆ ಎಂದು ಕೇಳಿದರು. ಗೇಟು ಹೋದದ್ದು ಸರಪಳಿಯಿಂದ ಎಂಬಷ್ಟೇ ಸಿಗುತ್ತದೆ ಎಂದರು ಮಕ್ಕಳು. ಹಾಗೆ ತಿಳಿಯದೆ ನೊಂದು ಮಾತಾಡಿದ ಹಿರಿಯಳೊಬ್ಬಳು ಏನೂ ಅರಿಯದವಳು ಎಂಬುದು ಅದರಿಂದ ಸಿಗುತ್ತದೆಯೇ? ತರಗತಿ ಸುಮ್ಮನಾಯಿತು. ಹುಡುಗನು ತಲೆ ತಗ್ಗಿಸಿದನು. ಮಾಸ್ತರರು ಹೆಸರೆತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಅಂದು ಹಲಗೆಯ ಮೇಲಿನ ನಾಲ್ಕು ಪ್ರಶ್ನೆಗಳ ಮೇಲ್ಗಡೆ ಐದನೆಯದೊಂದು ಸೇರಿತು: ಎದುರಿನವರು ಹೇಳಿದ್ದು ಏನು? ಅದನ್ನು ಅವರೇ ಹೌದೆನ್ನುವಂತೆ ಹೇಳಬಲ್ಲೆಯಾ?

ಹುಡುಗನು ಆ ಪ್ರಶ್ನೆಯನ್ನು ಮನೆಗೆ ಒಯ್ದನು. ಅಜ್ಜಿಯ ಪಕ್ಕದಲ್ಲಿ ಕುಳಿತು, ಅಂದು ನೀನು ಹೇಳಿದ್ದು ಏನು ಎಂದು ಕೇಳಿದನು. ಆಕೆ ಬಹಳ ಹೊತ್ತಿನ ಮೇಲೆ ಹೇಳಿದ್ದು ದೇವಿಯ ಮಾತಲ್ಲ, ನೀರಿನ ಮಾತು. ಅಣೆಕಟ್ಟು ಪೂರ್ಣಗೊಂಡ 1953ರ ಸುಮಾರಿಗೆ ಆಕೆ ಇನ್ನೂ ಚಿಕ್ಕ ಹುಡುಗಿ. ಆಕೆಯ ತವರೂರು ಹಿನ್ನೀರಿನಲ್ಲಿ ಮುಳುಗಿತು. ಎತ್ತಿನ ಬಂಡಿಯ ಮೇಲೆ ಕುಳಿತು, ಬಾಗಿಲು ಕಿತ್ತ ಮನೆಗಳನ್ನು ನೋಡುತ್ತ ಊರು ಬಿಟ್ಟ ನೆನಪು ಆಕೆಗೆ ಎಪ್ಪತ್ತು ವರ್ಷಗಳಾದರೂ ಮಾಸಿರಲಿಲ್ಲ. ಆ ನೀರು ಮತ್ತೆ ಕಟ್ಟು ಮೀರಿತೆಂದು ಕೇಳಿದಾಗ ಎದೆಯಲ್ಲಿ ಎದ್ದದ್ದು ಭಯ. ಬಾಯಿಗೆ ಬಂದದ್ದು ದೇವಿಯ ಹೆಸರು. ಹುಡುಗನು ಖಂಡಿಸಿದ್ದು ಆಕೆ ಹೇಳದೇ ಇದ್ದ ಮಾತನ್ನು. ಆಕೆ ಹೇಳಿದ್ದನ್ನು ಅವನು ಕೇಳಿಯೇ ಇರಲಿಲ್ಲ.

ಅಂದಿನಿಂದ ತರಗತಿಯಲ್ಲಿ ‘ಅಕ್ಕಿ ಹೆಚ್ಚಾಯಿತು’ ಎಂಬುದೇ ಒಂದು ನುಡಿಗಟ್ಟಾಯಿತು. ಆಧಾರಕ್ಕಿಂತ ದೊಡ್ಡ ಮಾತನ್ನು ಯಾರು ಆಡಿದರೂ ಉಳಿದವರು ಅದನ್ನೇ ಹೇಳುತ್ತಿದ್ದರು. ಆಡಿದವರು ನಗುತ್ತಲೇ ಹೆಚ್ಚಾದುದನ್ನು ಹಿಂದಿರುಗಿಸುತ್ತಿದ್ದರು. ಒಮ್ಮೆ ಲೆಕ್ಕದಲ್ಲಿ ಜಾಣನಾದ ವಿದ್ಯಾರ್ಥಿಯೊಬ್ಬನು ಜಲಾಶಯದ ಹೂಳಿನ ಬಗ್ಗೆ ಒಂದು ವಾದ ತಂದನು. 1953ರಲ್ಲಿ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯ ಪ್ರಕಾರ 100.855 ಟಿಎಂಸಿ. 55 ವರ್ಷಗಳಲ್ಲಿ 32 ಟಿಎಂಸಿ ಹೋಗಿದೆ. ಇದೇ ಲೆಕ್ಕದಲ್ಲಿ 2180ರ ಸುಮಾರಿಗೆ ಜಲಾಶಯ ಪೂರ್ತಿ ತುಂಬಿಹೋಗುತ್ತದೆ ಎಂದನು. ಗುಣಾಕಾರ ಭಾಗಾಕಾರಗಳಲ್ಲಿ ದೋಷವಿರಲಿಲ್ಲ. ಆದರೆ 2016ರ ಸಮೀಕ್ಷೆಯಲ್ಲಿ ಸಾಮರ್ಥ್ಯ 105.788 ಟಿಎಂಸಿ ಎಂದು ಬಂದಿರುವುದನ್ನು ಇನ್ನೊಬ್ಬಳು ತೋರಿಸಿದಳು. ಆ ಅಂಕಿಯಿಂದ ಲೆಕ್ಕ ಹಾಕಿದರೆ ವರ್ಷ 2260ನ್ನು ದಾಟುತ್ತದೆ. ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಕರಗಿ ಜಾಗ ಬಿಟ್ಟಿರಲಾರದು. ಅಳೆದ ಬಗೆಯಲ್ಲಿ ವ್ಯತ್ಯಾಸವಿರಬೇಕು. ಅಳತೆಯೇ ಐದು ಟಿಎಂಸಿಯಷ್ಟು ಅತ್ತಿತ್ತ ಆಗುವಲ್ಲಿ ಇಸವಿಯನ್ನು ಗೊತ್ತುಮಾಡಿ ಹೇಳುವುದು ಹೆಚ್ಚಾದ ಅಕ್ಕಿ. ಹೂಳು ತುಂಬುತ್ತಿದೆ, ಸಾಮರ್ಥ್ಯ ಮೊದಲಿಗಿಂತ ಬಹಳ ಕುಗ್ಗಿದೆ ಎಂಬಷ್ಟೇ ನಮ್ಮ ಅಳತೆಯ ಅಕ್ಕಿ. ಜಾಣ ವಿದ್ಯಾರ್ಥಿ ಯಾರೂ ಒತ್ತಾಯಿಸದೆ ತನ್ನ ಇಸವಿಯನ್ನು ಒರೆಸಿದನು. ಬಾಯಿ ಕಟ್ಟಿಸಿದವರಿಗೆ ಅಂಕ ಸಿಗುತ್ತಿದ್ದ ದಿನಗಳಲ್ಲಿ ಹಾಗೆ ಒರೆಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಈ ಕಲಿಕೆಯ ನಿಜವಾದ ಪರೀಕ್ಷೆ ನಡೆದದ್ದು ಶಾಲೆಯಲ್ಲಲ್ಲ. ಗವಿಮಠದ ಸಂದೇಶವನ್ನು ಹೋಲಿಸಿ ನೋಡಬೇಕೆಂದಿದ್ದ ಹಿಂದಿನ ಬೆಂಚಿನ ಹುಡುಗಿಯ ತಂದೆ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ರೈತ. ಗೇಟು ಕೊಚ್ಚಿಹೋದ ವಾರದಲ್ಲಿಯೇ ಅವರು ಮನೆಯಲ್ಲಿ ತೀರ್ಮಾನ ಹೇಳಿದ್ದರು. ಗೇಟು ಹೋಯಿತು, ನೀರು ಹೋಯಿತು, ಬೆಳೆ ಹೋಯಿತು. ಇನ್ನು ಕಾಲೇಜಿನ ಮಾತು ಬೇಡ. ಹತ್ತನೆಯದು ಮುಗಿದರೆ ಸಾಕು. ಹುಡುಗಿ ಅತ್ತಳು, ಎದುರುತ್ತರ ಕೊಡಲಿಲ್ಲ. ಶ್ರಾವಣ ಕಳೆದ ಮೇಲೆ ಒಂದು ದಿನ ಅವಳು ಮಾಸ್ತರರ ಬಳಿಗೆ ಒಂದು ಹಾಳೆ ತಂದಳು. ಅದರಲ್ಲಿ ತಂದೆಯ ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆದು ಒಂದೊಂದರ ಎದುರಿಗೂ ತನ್ನ ಉತ್ತರವನ್ನು ಬರೆದಿದ್ದಳು. ಗೇಟು ಹೋದದ್ದು ನಿಜ. ನೀರು ಹೋದದ್ದು ಅರ್ಧ ನಿಜ. ಆಗಸ್ಟ್ 17ಕ್ಕೆ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಹರಿವನ್ನು ತಡೆದಾಗ 70 ಟಿಎಂಸಿಯ ಆಸುಪಾಸಿನಷ್ಟು ನೀರು ಉಳಿದಿತ್ತು. ಬೆಳೆ ಹೋದದ್ದು ಇನ್ನೂ ನಿಜವಾಗಿಲ್ಲ. ಕೊನೆಯಲ್ಲಿ ಅವಳು, ಮಳೆ ಬರುತ್ತದೆ, ಬೆಳೆಯೂ ಬಂದೇ ಬರುತ್ತದೆ, ಆದ್ದರಿಂದ ನನ್ನನ್ನು ಓದಿಸಬೇಕು ಎಂದು ಬರೆದಿದ್ದಳು.

ಮಾಸ್ತರರು ಹಾಳೆಯನ್ನು ಎರಡು ಸಲ ಓದಿದರು. ಆ ಹುಡುಗಿ ಓದಬೇಕೆಂಬ ಆಸೆ ಅವಳಷ್ಟೇ ಅವರಿಗೂ ಇತ್ತು. ಕೊನೆಯ ವಾಕ್ಯವನ್ನು ಹಾಗೆಯೇ ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಅವರು ಅದರ ಮೇಲೆ ಬೆರಳಿಟ್ಟು, ಇಲ್ಲಿ ಅಕ್ಕಿ ಹೆಚ್ಚಾಯಿತಲ್ಲಾ ಎಂದರು. ಬೆಳೆ ಹೋಗಿಯೇ ಹೋಯಿತು ಎಂಬ ತಂದೆಯ ಮಾತು ಎಷ್ಟು ಆಧಾರರಹಿತವೋ ಬೆಳೆ ಬಂದೇ ಬರುತ್ತದೆ ಎಂಬ ಮಗಳ ಮಾತೂ ಅಷ್ಟೇ ಆಧಾರರಹಿತ. ಹುಡುಗಿಯ ಮುಖ ಬಾಡಿತು. ಹಾಗಾದರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲವೇ ಎಂದಳು. ಉಳಿಯುತ್ತದೆ, ಹುಡುಕು ಎಂದು ಅವರು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ಎರಡು ದಿನಗಳ ನಂತರ ಅವಳು ತಂದ ಹಾಳೆಯಲ್ಲಿ ಕೊನೆಯ ವಾಕ್ಯ ಬದಲಾಗಿತ್ತು. ಬೆಳೆ ಬರುವುದೋ ಇಲ್ಲವೋ ಈಗ ಯಾರಿಗೂ ತಿಳಿಯದು. ತಿಳಿಯುವ ಕಾಲ ಬರುವುದಕ್ಕೂ ಕಾಲೇಜಿಗೆ ಸೇರುವುದಕ್ಕೂ ಇನ್ನೂ ಹಲವು ತಿಂಗಳುಗಳಿವೆ. ಆದ್ದರಿಂದ ತೀರ್ಮಾನವನ್ನು ಇಂದೇ ಮಾಡಬೇಕಾಗಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಅಪ್ಪನ ಚಿಂತೆ ಸಾಲದ ಚಿಂತೆ, ನನ್ನ ಓದಿನ ಮೇಲಿನ ಸಿಟ್ಟಲ್ಲ.

ಅವಳು ಅದನ್ನು ತಂದೆಗೆ ಓದಿ ಹೇಳಿದಳು. ಮೊದಲು ಸಾಲದ ಸಾಲು, ಅನಂತರ ಉಳಿದದ್ದು. ತಂದೆ ಸುಮ್ಮನೆ ಕೇಳಿದರು. ತನ್ನ ಚಿಂತೆಯನ್ನು ಮಗಳ ಬಾಯಿಂದ ಸರಿಯಾಗಿ ಕೇಳಿಸಿಕೊಂಡವನಿಗೆ ಅದನ್ನು ಮತ್ತೆ ಗಟ್ಟಿಯಾಗಿ ಹೇಳಬೇಕಾದ ಅಗತ್ಯ ಉಳಿಯಲಿಲ್ಲ. ಆಗಲಿ, ಫಲಿತಾಂಶ ಬರಲಿ, ಅಂದು ನೋಡೋಣ ಎಂದರು. ಒಪ್ಪಿಗೆ ಸಿಗಲಿಲ್ಲ, ಬಾಗಿಲೂ ಮುಚ್ಚಲಿಲ್ಲ.

ಆ ವರ್ಷ ಮಳೆ ಕೈಹಿಡಿಯಿತು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬುವ ಮಟ್ಟಕ್ಕೆ ಬಂದಿತು. 2025ರಲ್ಲಿ ಹುಡುಗಿ ಕಾಲೇಜಿಗೆ ಸೇರಿದಳು. ಆದರೆ ಮಳೆ ಬಂದದ್ದರಿಂದ ಅವಳ ವಾದ ಸರಿಯಾಯಿತೆಂದು ತಿಳಿಯಬಾರದು. ಮಳೆ ಬಾರದಿದ್ದರೂ ಅವಳ ವಾದ ಸರಿಯಾದದ್ದೇ. ಏಕೆಂದರೆ ಅವಳು ಮಳೆಯ ಪರವಾಗಿ ಏನನ್ನೂ ಹೇಳಿರಲಿಲ್ಲ. ಬೆಳೆ ಬಂದೇ ಬರುತ್ತದೆ ಎಂಬ ಮೊದಲ ಹಾಳೆಯೊಂದಿಗೆ ತಂದೆಯ ಮುಂದೆ ನಿಂತಿದ್ದರೆ ಇಬ್ಬರ ನಡುವೆ ಪಣವಾಗುತ್ತಿತ್ತು, ಪಣದಲ್ಲಿ ಒಬ್ಬರು ಸೋಲಲೇಬೇಕಾಗುತ್ತಿತ್ತು. ಮುಂದಿನ ವರ್ಷವೇ, 2025ರ ಮುಂಗಾರಿನಲ್ಲಿ, ಹಳೆಯ ಗೇಟುಗಳ ಸುರಕ್ಷತೆಯ ಕಾರಣ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ನೀರಿನ ಮೇಲೆ ಪಣ ಕಟ್ಟುವವರಿಗೆ ಒಂದು ವರ್ಷ ಗೆಲುವು, ಇನ್ನೊಂದು ವರ್ಷ ಸೋಲು. ಅಳತೆಯ ಮಾತನ್ನಾಡಿದವರಿಗೆ ಎರಡೂ ವರ್ಷ ಒಂದೇ.

ಮುಂದಿನ ಗೋಷ್ಠಿಯೊಂದರಲ್ಲಿ ಮಾಸ್ತರರು ಹಿರಿಯರ ಪ್ರಶ್ನೆಗೆ ಉತ್ತರಿಸಿದರು. ಮೊದಲು, ದೂರಿನಲ್ಲಿ ಅರ್ಧ ಸತ್ಯವಿತ್ತೆಂದೂ ಅಂಕ ಕೊಟ್ಟು ಬೇಟೆ ಕಲಿಸಿದ ತಪ್ಪು ತಮ್ಮದೆಂದೂ ಸಭೆಯ ಮುಂದೆ ಒಪ್ಪಿಕೊಂಡರು. ಆಮೇಲೆ ಲಕ್ಕಮ್ಮನನ್ನು ನೆನೆದು ಹೀಗೆಂದರು: ಆ ತಾಯಿ ಪತಿಗೆ ಎದುರು ನುಡಿದಾಗ ತಲೆ ಎತ್ತಿದ್ದು ನಿಜ, ಆದರೆ ಆಕೆ ತಲೆ ಎತ್ತಿದ್ದು ಗಂಡನಿಗಿಂತ ಎತ್ತರವಾಗುವುದಕ್ಕಲ್ಲ, ಇಬ್ಬರಿಗಿಂತಲೂ ಎತ್ತರವಾದ ಅಳತೆಯೊಂದನ್ನು ನೋಡುವುದಕ್ಕೆ. ಆ ಅಳತೆಗೆ ಆಕೆಯೂ ಬಾಗಿದಳು, ಮಾರಯ್ಯನೂ ಬಾಗಿದನು. ಎದುರಾಳಿಯನ್ನು ಬಾಗಿಸುವ ವಾದವನ್ನು ಶರಣರು ದೂರವಿಟ್ಟರು. ಇಬ್ಬರೂ ಬಾಗುವ ವಾದವನ್ನು ಗ್ರಂಥವಾಗಿ ಕಟ್ಟಿ ನಮಗೆ ಕೊಟ್ಟರು. ಮಕ್ಕಳಿಗೆ ಕಲಿಸಬೇಕಾದುದು ಈ ಎರಡನೆಯದು. ತನ್ನ ಮಾತಿನಲ್ಲಿ ಹೆಚ್ಚಾದುದನ್ನು ತಾನೇ ಹಿಂದಿರುಗಿಸಬಲ್ಲ ಮಗು ಎದುರುತ್ತರ ಕೊಡುವ ಮಗುವಲ್ಲ.

ಹಿರಿಯರು ಕೆಲಹೊತ್ತು ಸುಮ್ಮನಿದ್ದರು. ಬಳಿಕ, ಇಬ್ಬರೂ ಬಾಗುವುದಾದರೆ ದೊಡ್ಡವರಾದ ನಾವೂ ಬಾಗಬೇಕಾಗುತ್ತದಲ್ಲ ಎಂದರು. ಹೌದು ಎಂದರು ಮಾಸ್ತರರು. ಅದು ಕಷ್ಟ ಎಂದು ಹಿರಿಯರು ನಕ್ಕರು, ಸಭೆಯೂ ನಕ್ಕಿತು. ಅವರ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗನು ನಗಲಿಲ್ಲ. ಅವನು ಅಜ್ಜಿಗೆ ಪ್ರಸಾದದ ತಟ್ಟೆ ತರಲು ಆಗಲೇ ಎದ್ದಿದ್ದನು.

ಮನೆಯಲ್ಲಿ ಮಗುವೊಂದು ‘ಯಾವ ಆಧಾರದಿಂದ?’ ಎಂದು ಕೇಳಿದಾಗ ಸದ್ಭಕ್ತರು ಕೂಡಲೇ ಗದರಿಸದಿರಲಿ. ಆಧಾರವಿದ್ದರೆ ಹೇಳೋಣ, ಇಲ್ಲದಿದ್ದರೆ ಇಲ್ಲವೆನ್ನೋಣ. ಅದೇ ಮಗು ಆಧಾರಕ್ಕಿಂತ ದೊಡ್ಡ ಮಾತನ್ನು ಹೊತ್ತು ತಂದಾಗ ಲಕ್ಕಮ್ಮನಂತೆ ಬಾಗಿಲಲ್ಲಿ ನಿಂತು, ಹೆಚ್ಚಾದುದನ್ನು ಸುರಿದು ಬಾ ಎಂದು ಮೆಲ್ಲಗೆ ಹಿಂದಕ್ಕೆ ಕಳಿಸೋಣ.